ಕಾಂಟೆಸ್ಸಾದ ಮುಂದಿನ ಸ್ಪ್ರಿಂಗು ಮತ್ತು ಅಡಿಕೆ ತೂಗುವ ಕಾಟಾ

ನಮ್ಮ ಕಾಂಟೆಸ್ಸಾದ ಎಂಜಿನ್ ಬದಲಿಸುವ ಕೆಲಸ ನಾಲ್ಕು ದಿನಗಳಲ್ಲಿ ಮುಗಿಯಿತು. ಆ ಎಂಜಿನ್ನಿಗೆ ಒಪ್ಪುವ ಮುಂದಿನ ಸ್ಪ್ರಿಂಗ್‌ಗಳನ್ನು ಆರಿಸಿ ಕೂರಿಸುವುದಕ್ಕೆ ಐದು ತಿಂಗಳು ಬೇಕಾಯಿತು. ಈ ಅವಧಿಯಲ್ಲಿ ಒಂದು ಜೊತೆ ಸ್ಪ್ರಿಂಗ್ ಹಾಳುಮಾಡಿಕೊಂಡೆ, ಶಿರಸಿಯಿಂದ ಹುಬ್ಬಳ್ಳಿಗೆ ಮೂರು ಸಲ ಹೋಗಿಬಂದೆ, ಅಡಿಕೆ ತೂಗುವ ಕಾಟಾವನ್ನು ಕಾರಿನ ಚಕ್ರದ ಕೆಳಗಿಟ್ಟು ಮನೆಯವರಿಂದ ಬೈಸಿಕೊಂಡೆ. ಹಳೆಯ ಕಾರಿಗೆ ಬೇರೆ ಎಂಜಿನ್ ಹಾಕಿಸುವವರು ರೇಡಿಯೇಟರ್, ಕ್ಲಚ್, ಸೈಲೆನ್ಸರುಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಸ್ಪ್ರಿಂಗನ್ನು ಮಾತ್ರ ಕೊನೆಯ ದಿನ ಅಂಗಡಿಯ ಕೌಂಟರಿನ ಮುಂದೆ ನಿಂತು ಆರಿಸುತ್ತಾರೆ. ನಾನೂ ಹಾಗೆಯೇ ಮಾಡಿದವನು.

ಕಾಂಟೆಸ್ಸಾದ ವಿಷಯದಲ್ಲಿ ಗೊಂದಲಕ್ಕೆ ಹೆಚ್ಚಿನ ಅವಕಾಶವಿದೆ. ಹಿಂದುಸ್ತಾನ್ ಮೋಟರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1984ರಿಂದ ತಯಾರಿಸಿದ ಈ ಕಾರಿನ ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಎಫ್‌ಇ ಮಾದರಿಯದು. ಮೊದಲಿಗೆ ಅದಕ್ಕೆ ಅಂಬಾಸಡರಿನದೇ 1489 ಸಿ.ಸಿ. ಬಿಎಂಸಿ ಎಂಜಿನ್ ಇತ್ತು. ಅಷ್ಟು ದೊಡ್ಡ ಮೈಗೆ ಅದು ಸಾಲದೆಂದು 1817 ಸಿ.ಸಿ. ಇಸುಜು ಪೆಟ್ರೋಲ್ ಎಂಜಿನ್ ಬಂತು, ಆಮೇಲೆ 1995 ಸಿ.ಸಿ. ಇಸುಜು ಡೀಸೆಲ್ ಬಂತು. 2002ರಲ್ಲಿ ಕಾರಿನ ತಯಾರಿಕೆಯೇ ನಿಂತಿತು. ಒಂದೇ ಮೈಯೊಳಗೆ ಮೂರು ಬಗೆಯ ಎಂಜಿನ್ನುಗಳು ಕೂತು ಹೋದದ್ದರಿಂದ ‘ಕಾಂಟೆಸ್ಸಾದ ಮುಂದಿನ ಸ್ಪ್ರಿಂಗ್ ಕೊಡಿ’ ಎಂದು ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವುದು ಯಾವುದೆಂದು ಹೇಳುವಂತಿಲ್ಲ. ನಮ್ಮದು ಪೆಟ್ರೋಲ್ ಕಾರಾಗಿ ಹುಟ್ಟಿ, ಹಿಂದಿನ ಮಾಲೀಕರ ಕೈಯಲ್ಲಿ ಡೀಸೆಲ್ ಆಗಿ, ಈಗ ಮತ್ತೆ 1.8 ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ಮರಳಿದ ಕಾರು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಡುಗಳನ್ನು ಕುರಿತದ್ದು. ಎಂಜಿನ್ ಬದಲಿಸುವ ಮೊದಲೇ ಆರ್‌ಟಿಓ ಕಚೇರಿಯ ಅನುಮತಿ ಪಡೆದು, ಆರ್.ಸಿ.ಯಲ್ಲಿ ಎಂಜಿನ್ ನಂಬರನ್ನೂ ಇಂಧನವನ್ನೂ ತಿದ್ದಿಸಿಕೊಳ್ಳಬೇಕು. ಕಾರ್ಖಾನೆ ಕೊಟ್ಟಿದ್ದ ಮಾದರಿಯ ಎಂಜಿನ್ನಿಗೇ ಮರಳುತ್ತಿದ್ದುದರಿಂದ ನಮ್ಮ ಕಾಗದಪತ್ರದ ಕೆಲಸ ಸುಲಭವಾಯಿತು. ಆ ಕಥೆ ಇಲ್ಲಿ ಬೇಡ.

ಎಂಜಿನ್ ಬದಲಾವಣೆ ಎಂದ ಕೂಡಲೇ ಎಲ್ಲರೂ ಕಲ್ಪಿಸಿಕೊಳ್ಳುವುದು ಭಾರವಾದ ಎಂಜಿನ್ ಬಂದು ಮುಂಭಾಗ ಕುಸಿಯುವುದನ್ನು. ನಮ್ಮಲ್ಲಿ ಆದದ್ದು ಅದರ ಉಲ್ಟಾ. ಡೀಸೆಲ್ ಎಂಜಿನ್ನಿನ ಭಾರ ತಡೆಯಲೆಂದು ಯಾರೋ ಹಿಂದೆ ದಪ್ಪ ಸರಳಿನ ಸ್ಪ್ರಿಂಗ್ ಹಾಕಿಸಿದ್ದರು. ಅದೂ ಸಾಲದೆಂದು ಸುತ್ತುಗಳ ನಡುವೆ ರಬ್ಬರಿನ ಬಫರ್ ತುರುಕಿದ್ದರು. ಬಫರುಗಳನ್ನು ತೆಗೆದು ಬಿಸಾಡಿದ ಮೇಲೂ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ 398 ಮಿ.ಮೀ. ಇತ್ತು. ಚಕ್ರವನ್ನು ಕಾರಿನ ಮೈಗೆ ಸೇರಿಸುವ ಕೆಳಗಿನ ತೋಳು, ಎಂದರೆ ಆರ್ಮ್, ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಕಾರಿನ ಮೈ ಹಿಂದೆ ಮುಂದೆ ಒಂದೇ ಮಟ್ಟದಲ್ಲಿ ನಿಲ್ಲಬೇಕಾದರೆ ಅದು 370 ಇರಬೇಕು. ಡೀಸೆಲ್ ಎಂಜಿನ್ ಇಳಿದು ಪೆಟ್ರೋಲ್ ಎಂಜಿನ್ ಕೂತ ದಿನ ಟೇಪು ಹಿಡಿದರೆ 411. ಕಾರು ಅಂಗಳದಲ್ಲಿ ಕೋಡು ಎತ್ತಿದ ಎಮ್ಮೆಯ ಹಾಗೆ ನಿಂತಿತ್ತು. ಎತ್ತರ ಅಳೆಯುವಾಗ ನೆಲದಿಂದ ಅಳೆಯದೆ ಚಕ್ರದ ನಡುವಿನಿಂದ ಅಳೆಯಬೇಕು. ಟೈರಿನ ಗಾಳಿಯ ಹೆಚ್ಚುಕಡಿಮೆ ಆಗ ಲೆಕ್ಕಕ್ಕೆ ಬರುವುದಿಲ್ಲ.

“ಹೆಗಡೇರೇ, ಮೂಗು ಎತ್ತಿತಲ್ಲ ಮಾರಾಯ್ರೇ. ಒಂದು ಸುತ್ತು ಕತ್ತರಿಸಿ ಬಿಡುವ,” ಎಂದರು ಮಿಸ್ತ್ರಿ. ನಾನು ಹೂಂ ಎಂದೆ. ಬೇರೊಂದು ಗ್ಯಾರೇಜಿನಲ್ಲಿ ಗ್ಯಾಸ್ ಕಟ್ಟರಿನಿಂದ ಎರಡೂ ಸ್ಪ್ರಿಂಗ್‌ಗಳ ಒಂದೊಂದು ಸುತ್ತನ್ನು ಕತ್ತರಿಸಿದರು. ಇಳಿಯಬೇಕಾದದ್ದು 41 ಮಿ.ಮೀ., ಇಳಿದದ್ದು 60. ಎತ್ತಿದ ಮೂಗು ಈಗ ಮುಗ್ಗರಿಸಿದ ಮೂಗಾಯಿತು. ಇಷ್ಟಾಗಿಯೂ ಕಾರು ಮೆತ್ತಗಾಗಲಿಲ್ಲ, ಮೊದಲಿಗಿಂತ ಗಡಸಾಯಿತು. ದೇವಿಮನೆ ಘಟ್ಟ ಇಳಿಯುವಾಗ ಒಂದೊಂದು ಹೊಂಡಕ್ಕೂ ಚಕ್ರ ಮಿತಿಮೀರಿ ಏರದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಆರ್ಮ್ ಬಡಿದು ಸ್ಟೀರಿಂಗಿನಲ್ಲಿ ಸಿಡಿಲು ಹೊಡೆದಂತಾಗುತ್ತಿತ್ತು. ಮನೆಗೆ ಬಂದು ಬಿಚ್ಚಿ ನೋಡಿದರೆ ಕತ್ತರಿಸಿದ ತುದಿಯಿಂದ ಅರ್ಧ ಸುತ್ತಿನ ದೂರದವರೆಗೂ ಉಕ್ಕು ನೀಲಿ ತಿರುಗಿತ್ತು. ಆ ನೀಲಿ ಬಣ್ಣದ ಅರ್ಥ ಉಕ್ಕು ಅಲ್ಲಿ ವಿಪರೀತ ಕಾದಿದೆ, ಹದ ಹೋಗಿರಬಹುದು ಎಂದು. ಹಾಗೆ ಹದ ಕಳೆದುಕೊಂಡ ಸುತ್ತು ಭಾರಕ್ಕೆ ಕ್ರಮೇಣ ಕುಗ್ಗುತ್ತ ಹೋಗುತ್ತದೆ, ಇಲ್ಲವೇ ಒಂದು ದಿನ ತುಂಡಾಗುತ್ತದೆ.

ಕತ್ತರಿಸಿದರೆ ಗಡಸಾಗುವುದೇಕೆ ಎಂಬುದನ್ನು ಅಂದು ರಾತ್ರಿ ಕೂತು ಅರ್ಥಮಾಡಿಕೊಂಡೆ. ಕಾಯಿಲ್ ಸ್ಪ್ರಿಂಗ್ ಎಂದರೆ ಸುರುಳಿ ಸುತ್ತಿದ ಉದ್ದ ಸರಳು; ಭಾರ ಬಿದ್ದಾಗ ಆ ಸರಳು ಉದ್ದಕ್ಕೂ ತಿರುಚಿಕೊಳ್ಳುತ್ತದೆ. ಸರಳು ಉದ್ದವಿದ್ದಷ್ಟೂ ತಿರುಚುವುದು ಸುಲಭ, ಸುತ್ತು ಕಡಿಮೆಯಾದಷ್ಟೂ ಕಷ್ಟ. ಒಂದು ಮಿಲಿಮೀಟರ್ ಕುಗ್ಗಿಸಲು ಎಷ್ಟು ನ್ಯೂಟನ್ ಬಲ ಬೇಕು ಎಂಬುದೇ ಸ್ಪ್ರಿಂಗಿನ ರೇಟ್. ಸರಳಿನ ದಪ್ಪವನ್ನು ನಾಲ್ಕು ಸಲ ಅದರಿಂದಲೇ ಗುಣಿಸಿ, ಉಕ್ಕಿನ ತಿರುಚು ಗುಣಾಂಕವಾದ ಸುಮಾರು 79,000ದಿಂದ ಗುಣಿಸಿ, ಸುರುಳಿಯ ಸರಾಸರಿ ವ್ಯಾಸದ ಘನ, ಕೆಲಸ ಮಾಡುವ (ತುದಿಗಳನ್ನು ಬಿಟ್ಟು ಉಳಿದ) ಸುತ್ತುಗಳ ಸಂಖ್ಯೆ, ಎಂಟು, ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ ಆ ರೇಟ್ ಸಿಗುತ್ತದೆ. ದಪ್ಪದ ನಾಲ್ಕನೆಯ ಘಾತ ಎನ್ನುವುದು ಸಣ್ಣ ಮಾತಲ್ಲ: ಸರಳು ಹತ್ತು ಶೇಕಡಾ ದಪ್ಪವಾದರೆ ಸ್ಪ್ರಿಂಗ್ 46 ಶೇಕಡಾ ಗಡಸಾಗುತ್ತದೆ. ಆದ್ದರಿಂದ ಹಳೆಯ ಸ್ಪ್ರಿಂಗನ್ನು ಅಳೆಯುವಾಗ ಬಣ್ಣವನ್ನೂ ತುಕ್ಕನ್ನೂ ಕೆರೆದು, ವರ್ನಿಯರ್ ಕ್ಯಾಲಿಪರ್ ಹಿಡಿದು, ಮೂರು ನಾಲ್ಕು ಕಡೆ ಅಳೆಯಬೇಕು. ಅರ್ಧ ಮಿಲಿಮೀಟರ್ ಬಣ್ಣವೇ ಲೆಕ್ಕವನ್ನು ಕೆಡಿಸಬಲ್ಲದು.

ನಮ್ಮ ಡೀಸೆಲ್ ಸ್ಪ್ರಿಂಗಿನ ಸರಳು 15 ಮಿ.ಮೀ., ಸರಾಸರಿ ವ್ಯಾಸ 110, ಕೆಲಸ ಮಾಡುವ ಸುತ್ತು ಆರೂವರೆ. ಲೆಕ್ಕ ಹಾಕಿದರೆ ಮಿಲಿಮೀಟರಿಗೆ ಸುಮಾರು 58 ನ್ಯೂಟನ್. ಒಂದು ಸುತ್ತು ಹೋದ ಮೇಲೆ ಅದು 68ಕ್ಕೆ ಏರಿತ್ತು. ಹಗುರವಾದ ಎಂಜಿನ್ನಿಗೆ ಇನ್ನೂ ಗಡಸು ಸ್ಪ್ರಿಂಗ್ ಹಾಕಿಕೊಂಡ ಹಾಗಾಗಿತ್ತು. ರಬ್ಬರ್ ಬಫರಿನ ಕಥೆಯೂ ಇದೇ. ಬಫರ್ ಸಿಕ್ಕಿಸಿದ ಕಡೆ ಸುತ್ತುಗಳು ಒಂದನ್ನೊಂದು ಸಮೀಪಿಸಲಾರವು. ಎತ್ತರ ಸಿಕ್ಕಿತೆಂದು ಸಂತೋಷಪಡುವವರು ಒಂದು ಸುತ್ತಿನ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿದ್ದಾರೆಂಬುದು ಬೆನ್ನುಮೂಳೆಗೆ ಆಮೇಲೆ ತಿಳಿಯುತ್ತದೆ.

ಹಾಗಾದರೆ ಎಷ್ಟು ರೇಟಿನ ಸ್ಪ್ರಿಂಗ್ ಬೇಕು? ಇದಕ್ಕೆ ಉತ್ತರ ಎಂಜಿನ್ನಿನ ಸಿ.ಸಿ.ಯಲ್ಲಿಯೂ ಇಲ್ಲ, ‘ಪೆಟ್ರೋಲ್ ಸ್ಪ್ರಿಂಗ್, ಡೀಸೆಲ್ ಸ್ಪ್ರಿಂಗ್’ ಎಂಬ ಅಂಗಡಿಯ ವಿಂಗಡಣೆಯಲ್ಲಿಯೂ ಇಲ್ಲ. ಚಕ್ರದ ಮೇಲೆ ಬೀಳುವ ತೂಕ ಎಷ್ಟು, ಆ ತೂಕ ಸ್ಪ್ರಿಂಗನ್ನು ತಲುಪುವ ಸನ್ನೆಯ ಪ್ರಮಾಣ ಎಷ್ಟು, ಕಾರಿನ ಹಿಂಭಾಗ ತನ್ನ ಸ್ಪ್ರಿಂಗಿನ ಮೇಲೆ ಯಾವ ಲಯದಲ್ಲಿ ಏರಿಳಿಯುತ್ತದೆ, ಈ ಮೂರನ್ನು ಮೊದಲು ಅಳೆದುಕೊಳ್ಳಬೇಕು. ಸ್ಪ್ರಿಂಗಿನ ಅಂಕಿ ಕಟ್ಟಕಡೆಗೆ ಬರೆಯುವಂಥದ್ದು.

ಮೊದಲು ತೂಕ. ಲಾರಿ ತೂಗುವ ವೇಬ್ರಿಜ್ಜಿನ ಮೇಲೆ ಮುಂದಿನ ಎರಡು ಚಕ್ರಗಳನ್ನಷ್ಟೇ ಹತ್ತಿಸಿ ನಿಲ್ಲಿಸಿದರೆ ಮುಂದಿನ ಆಕ್ಸಲಿನ ಭಾರ ಸಿಗುತ್ತದೆ. ಎಂಜಿನ್ ಇಳಿಸುವ ಮೊದಲು ಹೀಗೆ ತೂಗಿಸಿದಾಗ 700 ಕಿ.ಗ್ರಾಂ. ಇತ್ತು, ಹೊಸ ಎಂಜಿನ್ ಕೂತ ಮೇಲೆ 650. ಎರಡು ಸಲವೂ ಚಾಲಕನ ಸೀಟಿನಲ್ಲಿ ನಾನಿದ್ದೆ, ಟ್ಯಾಂಕು ಅರ್ಧ ತುಂಬಿತ್ತು. ಆದರೆ ನಮ್ಮ ವೇಬ್ರಿಜ್ಜು ಹತ್ತು ಹತ್ತು ಕಿಲೋ ಹೆಜ್ಜೆಯಲ್ಲಿ ಓದುವಂಥದ್ದು, ಮೇಲಾಗಿ ಎಡಬಲದ ಭೇದವನ್ನು ತೋರಿಸುವುದಿಲ್ಲ. ಅದಕ್ಕಾಗಿ ಪರಿಚಯದ ವಖಾರಿಯಿಂದ ಅಡಿಕೆ ಚೀಲ ತೂಗುವ ಎರಡು ಕಾಟಾಗಳನ್ನು ಒಂದು ಭಾನುವಾರದ ಮಟ್ಟಿಗೆ ತಂದುಕೊಂಡೆ. ಮುಂದಿನ ಚಕ್ರಗಳು ಕಾಟಾದ ಮೇಲೆ, ಹಿಂದಿನವು ಕಾಟಾದಷ್ಟೇ ಎತ್ತರಕ್ಕೆ ಜೋಡಿಸಿದ ಹಲಗೆಗಳ ಮೇಲೆ. ಹಿಂದಿನ ಹಲಗೆಗಳನ್ನು ಬಿಟ್ಟರೆ ಅಥವಾ ಒಂದೇ ಚಕ್ರವನ್ನು ಎತ್ತಿದರೆ ಓದು ಸುಳ್ಳಾಗುತ್ತದೆ. ಇನ್ನೊಂದು ತೊಡಕಿದೆ: ಜ್ಯಾಕಿನಿಂದ ಇಳಿಸಿದ ಕಾರಿನ ಟೈರುಗಳು ನೆಲವನ್ನು ಕಚ್ಚಿಕೊಂಡು ಹೊರಕ್ಕೆ ಸರಿಯದೆ ನಿಲ್ಲುವುದರಿಂದ ಕಾರು ಪೂರ್ತಿ ಕೂರುವುದೇ ಇಲ್ಲ. ಎರಡು ಅಡಿಕೆ ಹಾಳೆಗಳ ನಡುವೆ ಗ್ರೀಸ್ ಬಳಿದು ಟೈರಿನ ಕೆಳಗಿಟ್ಟೆ. ಕಾರು ಇಳಿಯುತ್ತಲೇ ಮೇಲಿನ ಹಾಳೆ ಒಂದಂಗುಲ ಹೊರಕ್ಕೆ ಜಾರಿತು, ಮಡ್‌ಗಾರ್ಡ್ ಕಣ್ಣೆದುರೇ ತಗ್ಗಿತು. ಬಲಕ್ಕೆ 330, ಎಡಕ್ಕೆ 320.

ಇದರಲ್ಲಿ ಚಕ್ರ, ಹಬ್, ಬ್ರೇಕ್, ಆರ್ಮುಗಳ ಅರ್ಧ ಭಾರ ಇವೆಲ್ಲ ಸ್ಪ್ರಿಂಗಿನ ಕೆಳಗೇ ಇರುವುದರಿಂದ ಅದನ್ನು ಕಳೆಯಬೇಕು. ನಾನು ಚಕ್ರಕ್ಕೆ 40 ಕಿ.ಗ್ರಾಂ. ಎಂದು ಹಿಡಿದೆ. ಉಳಿದದ್ದು ಸರಾಸರಿ 285.

ಎಂಜಿನ್ ಇನ್ನೂ ಕೂರಿಸದವರು, ಎರಡು ಎಂಜಿನ್ನುಗಳ ತೂಕ ಮಾತ್ರ ಗೊತ್ತಿರುವವರು, ವ್ಯತ್ಯಾಸವನ್ನು ಇಡಿಯಾಗಿ ಮುಂದಿನ ಆಕ್ಸಲಿಗೆ ಹಾಕಬಾರದು. ಕಾಂಟೆಸ್ಸಾದ ಎರಡು ಆಕ್ಸಲ್‌ಗಳ ನಡುವಿನ ಅಂತರ 2667 ಮಿ.ಮೀ. ಎಂಜಿನ್ನಿನ ಭಾರಕೇಂದ್ರ ಮುಂದಿನ ಆಕ್ಸಲಿನಿಂದ 200 ಮಿ.ಮೀ. ಹಿಂದಿದ್ದರೆ ಅದರ ಭಾರದ 92 ಶೇಕಡಾ ಮುಂದೆ ಬೀಳುತ್ತದೆ. ಒಂದು ಮೀಟರ್ ಹಿಂದಿರುವ ಗೇರ್‌ಬಾಕ್ಸಿನ ಭಾರದಲ್ಲಿ ಮುಂದೆ ಬೀಳುವುದು 62 ಶೇಕಡಾ ಮಾತ್ರ. ಅತ್ತಕಡೆ, ಆಕ್ಸಲಿಗಿಂತಲೂ ಮುಂದೆ ತೂಗುಬೀಳುವ ಎ.ಸಿ. ಕಂಡೆನ್ಸರಿನಂಥವು ತಮ್ಮ ತೂಕಕ್ಕಿಂತ ತುಸು ಹೆಚ್ಚೇ ಭಾರವನ್ನು ಮುಂದೆ ಹೇರುತ್ತವೆ. ಎಂಜಿನ್ ಬದಲಾವಣೆಯ ಜೊತೆ ಎ.ಸಿ., ದೊಡ್ಡ ಬ್ಯಾಟರಿ, ದಪ್ಪ ರೇಡಿಯೇಟರ್ ಸೇರಿಸುವವರು ಎಲ್ಲವನ್ನೂ ಕೂರಿಸಿ, ಆಯಿಲು ನೀರು ತುಂಬಿಸಿ ತೂಗುವುದೇ ಲೇಸು.

ಎರಡನೆಯದು ಸನ್ನೆಯ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲಿ. ಕಾಂಟೆಸ್ಸಾದ ಮುಂದೆ ಮೇಲೊಂದು ಕೆಳಗೊಂದು ವಿಶ್‌ಬೋನ್ ಆರ್ಮ್ ಇದ್ದು ಸ್ಪ್ರಿಂಗ್ ಅವುಗಳ ನಡುಭಾಗದಲ್ಲಿ, ಚಕ್ರದಿಂದ ಒಳಕ್ಕೆ ಕೂತಿದೆ. ಬಾಗಿಲನ್ನು ಹಿಡಿಕೆಯಲ್ಲಿ ಹಿಡಿಯದೆ ತಿರುಗಣಿಯ ಹತ್ತಿರ ಹಿಡಿದು ದೂಡಿದಂತೆ ಅದರ ಸ್ಥಿತಿ: ಹೆಚ್ಚು ಬಲ ಬೇಕು, ಸರಿಯುವ ದೂರ ಕಡಿಮೆ. ಸ್ಪ್ರಿಂಗನ್ನು ಹೊರತೆಗೆದು, ಹಬ್ಬಿನ ಕೆಳಗೆ ಜ್ಯಾಕ್ ಇಟ್ಟು, ಚಕ್ರವನ್ನು ಹತ್ತು ಹತ್ತು ಮಿಲಿಮೀಟರ್ ಎತ್ತುತ್ತ ಸ್ಪ್ರಿಂಗಿನ ತುದಿಗಳು ಕೂರುವ ಎರಡು ಬಟ್ಟಲುಗಳ ನಡುವಿನ ಅಂತರ ಎಷ್ಟು ಕುಗ್ಗುತ್ತದೆಂದು ಅಳೆದೆ. ಮಗಳು ಹಳೆಯ ಪಂಚಾಂಗದ ಬೆನ್ನಿನಲ್ಲಿ ಬರೆದುಕೊಂಡಳು. ಚಕ್ರ 50 ಮಿ.ಮೀ. ಏರಿದಾಗ ಸ್ಪ್ರಿಂಗ್ 29 ಮಿ.ಮೀ. ಕುಗ್ಗಬೇಕಾಗಿತ್ತು, ಎಂದರೆ 0.58. ಈ ಅಂಕಿ ಲೆಕ್ಕದಲ್ಲಿ ಎರಡು ಸಲ ಬರುತ್ತದೆ, ಒಮ್ಮೆ ಬಲಕ್ಕೆ, ಒಮ್ಮೆ ಚಲನೆಗೆ. ಆದ್ದರಿಂದ ಚಕ್ರಕ್ಕೆ ತಾಗುವ ಗಡಸುತನ ಸ್ಪ್ರಿಂಗಿನ ರೇಟನ್ನು 0.58ರ ವರ್ಗದಿಂದ, ಎಂದರೆ 0.336ರಿಂದ, ಗುಣಿಸಿದಷ್ಟು. 58 ನ್ಯೂಟನ್ನಿನ ಸ್ಪ್ರಿಂಗ್ ಚಕ್ರದಲ್ಲಿ ಕೇವಲ 19.4. ಬೇರೆ ಕಾರಿನ ಸ್ಪ್ರಿಂಗ್ ತಂದು ‘ಅಲ್ಲಿ ಚೆನ್ನಾಗಿತ್ತು, ಇಲ್ಲೂ ಆದೀತು’ ಎನ್ನುವವರು ಈ ವರ್ಗವನ್ನು ಮರೆತಿರುತ್ತಾರೆ.

ಡೀಸೆಲ್ ಹೋಗಿ ಪೆಟ್ರೋಲ್ ಬಂದಾಗ ಮೂಗು 13 ಮಿ.ಮೀ. ಮಾತ್ರ ಏರಿದ್ದೇಕೆ ಎಂಬುದಕ್ಕೂ ಇಲ್ಲಿ ಉತ್ತರವಿತ್ತು. ಒಂದು ಚಕ್ರದ ಮೇಲೆ ಕಡಿಮೆಯಾದದ್ದು 25 ಕಿ.ಗ್ರಾಂ., ಎಂದರೆ ಸುಮಾರು 245 ನ್ಯೂಟನ್, ಅದನ್ನು 19.4ರಿಂದ ಭಾಗಿಸಿದರೆ ಹನ್ನೆರಡೂವರೆ. ಟೇಪಿನ ಅಳತೆಗೂ ಕಾಗದದ ಲೆಕ್ಕಕ್ಕೂ ಹೊಂದಿಕೆಯಾದ ಆ ಕ್ಷಣದಲ್ಲಿ ನನಗೆ ಈ ಕೆಲಸದ ಮೇಲೆ ಧೈರ್ಯ ಬಂತು.

ಮೂರನೆಯದು ಲಯ. ಸ್ಪ್ರಿಂಗಿನ ಮೇಲೆ ಕೂತ ಕಾರು ಸೆಕೆಂಡಿಗೆ ಎಷ್ಟು ಸಲ ಏರಿಳಿಯಲು ಬಯಸುತ್ತದೆ ಎಂಬುದು ಚಕ್ರದ ಗಡಸುತನ ಮತ್ತು ತೂಕಗಳಿಂದ ನಿರ್ಧಾರವಾಗುತ್ತದೆ. ಆರಾಮದ ಸೆಡಾನುಗಳಿಗೆ ಸೆಕೆಂಡಿಗೆ ಒಂದರಿಂದ ಒಂದೂಕಾಲು ಏರಿಳಿತದ ಆಸುಪಾಸು ಹಿತ. ಆದರೆ ಮುಂದಿನ ಅಂಕಿಯೊಂದನ್ನೇ ನೋಡಿದರೆ ಸಾಲದು. ರೋಲ್ಸ್ ರಾಯ್ಸ್‌ನಲ್ಲಿದ್ದು ಆಮೇಲೆ ಅಮೆರಿಕದ ಜನರಲ್ ಮೋಟರ್ಸ್ ಸೇರಿದ ಎಂಜಿನಿಯರ್ ಮಾರಿಸ್ ಆಲಿ 1930ರ ದಶಕದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ರಸ್ತೆಯ ಉಬ್ಬು ಮೊದಲು ಮುಂದಿನ ಚಕ್ರವನ್ನು ಎತ್ತುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾಂಟೆಸ್ಸಾದ ಹಿಂದಿನ ಚಕ್ರ ಅದೇ ಉಬ್ಬನ್ನು 0.16 ಸೆಕೆಂಡಿನ ನಂತರ ಮುಟ್ಟುತ್ತದೆ. ತಡವಾಗಿ ಹೊರಟ ಹಿಂಭಾಗ ತುಸು ವೇಗದ ಲಯದಲ್ಲಿದ್ದರೆ ಅದು ಮುಂಭಾಗವನ್ನು ಹಿಡಿದುಕೊಳ್ಳುತ್ತದೆ, ಕಾರು ಮಟ್ಟಸವಾಗಿ ಏರಿಳಿಯುತ್ತದೆ. ಮುಂಭಾಗದ ಲಯವೇ ವೇಗವಾಗಿದ್ದರೆ ಎರಡೂ ತುದಿಗಳು ತಾಳ ತಪ್ಪಿ ಕಾರು ಅಲೆಗೆ ಸಿಕ್ಕ ದೋಣಿಯಂತೆ ತೂಗುತ್ತದೆ. ನಮ್ಮದು ಹಾಗೆಯೇ ತೂಗುತ್ತಿತ್ತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗಂಗಾವಳಿ ಸೇತುವೆಯ ಜೋಡಣೆಗಳನ್ನು ದಾಟುವಾಗ ಹಿಂದೆ ಕೂತ ಅಮ್ಮ ಕಾರು ನಿಲ್ಲಿಸು ಎಂದದ್ದು ಎರಡು ಸಲ.

ಹಿಂದಿನ ಲಯವನ್ನು ಅಳೆಯುವುದು ಸುಲಭ. ಹಿಂದಿನ ಶಾಕ್ ಅಬ್ಸಾರ್ಬರುಗಳ ಕೆಳಗಿನ ಬೋಲ್ಟ್ ಬಿಚ್ಚಿ, ಡಿಕ್ಕಿಯ ಮೇಲೆ ಕೈಯೂರಿ ಒತ್ತಿ ಬಿಟ್ಟು, ಮೊಬೈಲಿನಲ್ಲಿ ವಿಡಿಯೋ ಹಿಡಿದೆ. ಐದು ಏರಿಳಿತಕ್ಕೆ ನಾಲ್ಕು ಸೆಕೆಂಡು, ಎಂದರೆ 1.25. ಮುಂದೆ ಡೀಸೆಲ್ ಸ್ಪ್ರಿಂಗಿನ ಲೆಕ್ಕ ಪೆಟ್ರೋಲ್ ಎಂಜಿನ್ನಿನೊಂದಿಗೆ 1.31, ಒಂದು ಸುತ್ತು ಕತ್ತರಿಸಿದ ಮೇಲೆ 1.43. ಹಿಂದಿನದಕ್ಕಿಂತ ಮುಂದಿನದು ನಿಧಾನವಿರಬೇಕಾದಲ್ಲಿ ನಾವು ಎರಡು ಸಲವೂ ತದ್ವಿರುದ್ಧ ದಿಕ್ಕಿಗೆ ಹೋಗಿದ್ದೆವು. ಹಿಂದೆ ಮೂವರು ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಹಿಂದಿನ ಲಯ ಇನ್ನೂ ನಿಧಾನವಾಗುತ್ತದೆಂಬುದನ್ನೂ ನೆನೆದು, ಮುಂದಕ್ಕೆ 1.10 ಎಂದು ನಿರ್ಧರಿಸಿದೆ. ಇನ್ನೂ ಮೆತ್ತಗೆ ಮಾಡಬಹುದಿತ್ತು. ಆದರೆ ಘಟ್ಟದ ತಿರುವುಗಳಲ್ಲಿ ಕಾರು ವಾಲುವುದೂ ಬ್ರೇಕ್ ಒತ್ತಿದಾಗ ಮುಗ್ಗರಿಸುವುದೂ ಹೆಚ್ಚುತ್ತದೆ.

ಅಲ್ಲಿಂದ ಹಿಮ್ಮುಖವಾಗಿ ಬಂದರೆ 285 ಕಿ.ಗ್ರಾಂ. ಭಾರಕ್ಕೆ ಚಕ್ರದಲ್ಲಿ 13.6 ನ್ಯೂಟನ್ ಬೇಕು, ಸ್ಪ್ರಿಂಗಿನಲ್ಲಿ ಸುಮಾರು 40.5. ವ್ಯಾಸ 110 ಇರಲೇಬೇಕು, ಬಟ್ಟಲು ಇರುವುದೇ ಅಷ್ಟು. 14 ಮಿ.ಮೀ. ಸರಳಿಗೆ ಕೆಲಸ ಮಾಡುವ ಸುತ್ತು ಏಳು ಇಟ್ಟರೆ 40.7 ಬರುತ್ತದೆ. ಇನ್ನು ಉದ್ದ. ಕಾರು 370ರ ಎತ್ತರದಲ್ಲಿದ್ದಾಗ ಬಟ್ಟಲುಗಳ ನಡುವೆ 230 ಮಿ.ಮೀ. ಜಾಗವಿದೆ. ಆಗ ಸ್ಪ್ರಿಂಗಿನ ಮೇಲಿನ ಬಲ, 2796 ನ್ಯೂಟನ್ನನ್ನು 0.58ರಿಂದ ಭಾಗಿಸಿದರೆ, 4820. ಅದಕ್ಕೆ ಸ್ಪ್ರಿಂಗ್ 118 ಮಿ.ಮೀ. ಕುಗ್ಗುತ್ತದೆ. ಬಿಡಿ ಸ್ಪ್ರಿಂಗಿನ ಉದ್ದ 348 ಇರಬೇಕು. ತುದಿಗಳನ್ನೂ ಸೇರಿಸಿ ಎಂಟೂವರೆ ಸುತ್ತು ಒಂದಕ್ಕೊಂದು ತಾಗಿ ಕೂತರೂ 119 ಮಿ.ಮೀ., ಬಂಪ್ ಸ್ಟಾಪ್ ಅದಕ್ಕಿಂತ ಬಹಳ ಮೊದಲೇ ತಡೆಯುತ್ತದೆ. ಚಕ್ರ 80 ಮಿ.ಮೀ. ಕೆಳಕ್ಕೆ ಜೋತಾಗ ಸ್ಪ್ರಿಂಗಿನ ಜಾಗ 276ಕ್ಕೆ ಹಿಗ್ಗುತ್ತದೆ, 348ರ ಸ್ಪ್ರಿಂಗ್ ಆಗಲೂ ಬಿಗಿಯಾಗಿಯೇ ಇರುತ್ತದೆ. ಸಡಿಲವಾಗಿ ಬಟ್ಟಲಿನಿಂದ ಕಳಚುವ ಭಯವಿಲ್ಲ.

ಆದರೆ ಕೊನೆಯ ಈ ಸಾಲನ್ನು ಇನ್ನೊಂದು ಸಲ ಓದಬೇಕು. ಚಕ್ರ ಪೂರ್ತಿ ಜೋತಾಡುತ್ತಿರುವಾಗಲೂ ಸ್ಪ್ರಿಂಗ್ 72 ಮಿ.ಮೀ. ಕುಗ್ಗಿಯೇ ಇದೆ, ಎಂದರೆ ಸುಮಾರು 300 ಕಿ.ಗ್ರಾಂ. ಬಲ ಅದರೊಳಗೆ ಅಡಗಿದೆ. ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟ್ ಬಿಚ್ಚಿದ ಕ್ಷಣ ಸ್ಪ್ರಿಂಗ್ ಹಾರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ, ಕೆಳಗಿನ ಆರ್ಮಿಗೆ ಜ್ಯಾಕಿನ ಆಧಾರ ಕೊಡದೆ, ಮೈಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸದೆ ಈ ಕೆಲಸಕ್ಕೆ ಕೈಹಾಕಬಾರದು. ನಮ್ಮ ಮಿಸ್ತ್ರಿ ಸ್ಪ್ರಿಂಗಿಗೆ ದಪ್ಪ ಸರಪಳಿಯನ್ನೂ ಸುತ್ತಿ ಆರ್ಮಿಗೆ ಕಟ್ಟಿಕೊಂಡೇ ಬಿಚ್ಚುತ್ತಾರೆ. ಲೆಕ್ಕದ ಬಗ್ಗೆ ಅವರಿಗಿರುವ ಅಸಡ್ಡೆ ಸುರಕ್ಷತೆಯ ಬಗ್ಗೆ ಇಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಸ್ಪ್ರಿಂಗ್ ಸುತ್ತುವ ಒಂದು ಕಾರ್ಖಾನೆಯಲ್ಲಿ ಮೊದಲ ಸಲ ‘ಸ್ಯಾಂಪಲ್ ಕೊಡಿ, ಅದರಂತೆ ಮಾಡುತ್ತೇವೆ’ ಎಂದರು. ಕೊಡಲು ನನ್ನಲ್ಲಿದ್ದ ಸ್ಯಾಂಪಲ್ ಕತ್ತರಿಸಿದ ಡೀಸೆಲ್ ಸ್ಪ್ರಿಂಗ್ ಮಾತ್ರ. ಎರಡನೆಯ ಸಲ ನಕ್ಷೆ ಒಯ್ದೆ. ಸರಳಿನ ದಪ್ಪ, ವ್ಯಾಸ, ಸುತ್ತು, ಬಿಡಿ ಉದ್ದಗಳ ಜೊತೆಗೆ ‘230 ಮಿ.ಮೀ. ಉದ್ದಕ್ಕೆ ಕುಗ್ಗಿಸಿದಾಗ 4820 ನ್ಯೂಟನ್’ ಎಂಬ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಸುತ್ತುವವರಿಗೆ ನಿಜವಾಗಿ ಬೇಕಾದ ಸಾಲು ಅದು. ಬಿಡಿ ಉದ್ದ ಎರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಆ ಒಂದು ಬಿಂದುವಿನಲ್ಲಿ ಎಡಬಲದ ಸ್ಪ್ರಿಂಗ್‌ಗಳು ಒಂದೇ ಬಲ ತೋರಿಸಿದರೆ ಕಾರು ಸಮವಾಗಿ ನಿಲ್ಲುತ್ತದೆ. ಉಕ್ಕು ಸಿಲಿಕೊ-ಮ್ಯಾಂಗನೀಸಿನ ಇಎನ್ 45 ಬೇಕೋ ಕ್ರೋಮ್-ವೆನೇಡಿಯಮ್ಮಿನ ಇಎನ್ 47 ಬೇಕೋ ಎಂದು ಕೇಳಿದರು, ಎರಡನೆಯದನ್ನು ಆರಿಸಿದೆ. ಕಾಯಿಸಿ ಸುತ್ತಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದಕ್ಕೆ ಕಾಯಿಸಿ, ಮೇಲ್ಮೈಗೆ ಸಣ್ಣ ಉಕ್ಕಿನ ಗುಂಡುಗಳನ್ನು ಹೊಡೆದು ಶಾಟ್ ಪೀನಿಂಗ್ ಮಾಡಿದ ನಂತರ, ಪ್ರೆಸ್ಸಿನಲ್ಲಿ ಸುತ್ತುಗಳು ತಾಗುವವರೆಗೆ ಕೆಲವು ಸಲ ಒತ್ತಿ ಬಿಡುವುದು ಕ್ರಮ. ಈ ಒತ್ತುವ ಕೆಲಸ ಬಿಟ್ಟರೆ ಹೊಸ ಸ್ಪ್ರಿಂಗ್ ಕಾರಿನಲ್ಲಿ ಕೂತ ಮೇಲೆ ಕುಗ್ಗುತ್ತದೆ. ಮೂರನೆಯ ಸಲ ಹೋದಾಗ ಪ್ರೆಸ್ಸಿನ ಮೇಲೆ ನನ್ನೆದುರೇ ಪರೀಕ್ಷಿಸಿದರು; ಎರಡರ ನಡುವೆ ಎರಡು ಶೇಕಡಾಕ್ಕಿಂತ ಕಡಿಮೆ ವ್ಯತ್ಯಾಸವಿತ್ತು. ತುಸು ಬಲಶಾಲಿಯಾದದ್ದನ್ನು ಚಾಲಕನ ಬದಿಗೆ ಗುರುತು ಮಾಡಿಕೊಂಡು ತಂದೆ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕಾರವಾರದಲ್ಲಿ ಅಣ್ಣನ ಮನೆ ಸಮುದ್ರಕ್ಕೆ ಸಮೀಪವಿದೆ, ಕಾರು ಅಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಉಪ್ಪು ಗಾಳಿ, ಕೆಳಗಿನ ಬಟ್ಟಲಿನಲ್ಲಿ ಸೇರುವ ಕೆಸರು, ಕಲ್ಲು ಸಿಡಿದು ಕಿತ್ತ ಬಣ್ಣ, ಇವು ಮೂರೂ ಸೇರಿದರೆ ಉಕ್ಕಿನಲ್ಲಿ ತುಕ್ಕಿನ ಸಣ್ಣ ಗುಳಿ ಬೀಳುತ್ತದೆ, ಬಿರುಕು ಹುಟ್ಟುವುದು ಆ ಗುಳಿಯಲ್ಲಿ. ನಮ್ಮ ಕರಾವಳಿಯಲ್ಲಿ ಮುರಿದ ಸ್ಪ್ರಿಂಗ್‌ಗಳನ್ನು ನೋಡಿದರೆ ಬಹುತೇಕ ಕೆಳಗಿನ ಸುತ್ತಿನಲ್ಲೇ ಮುರಿದಿರುತ್ತವೆ. ಪೌಡರ್ ಕೋಟಿಂಗ್ ಮಾಡಿಸಿ, ಬಟ್ಟಲಿನ ನೀರು ಇಳಿಯುವ ತೂತುಗಳನ್ನು ತಂತಿಯಿಂದ ಚುಚ್ಚಿ ಬಿಡಿಸಿದೆ.

ಕೂರಿಸುವಾಗ ಒಂದು ಮಾತಿಗೆ ಮಿಸ್ತ್ರಿಯೊಂದಿಗೆ ಜಗಳವೇ ಆಯಿತು. ಆರ್ಮುಗಳ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ, ಕಾರು ಇಳಿದಾಗ ರಬ್ಬರು ತಿರುಚಿಕೊಂಡು ತಾನೇ ಒಂದು ಸ್ಪ್ರಿಂಗಿನಂತೆ ಮೈಯನ್ನು ಎತ್ತಿ ಹಿಡಿಯುತ್ತದೆ, ಬೇಗ ಹರಿಯುತ್ತದೆ. ಕಾರನ್ನು ನೆಲಕ್ಕಿಳಿಸಿ, ನಾಲ್ಕು ಸಲ ಹಿಂದೆ ಮುಂದೆ ಉರುಳಿಸಿ, ಒಬ್ಬರನ್ನು ಸೀಟಿನಲ್ಲಿ ಕೂರಿಸಿ, ಆಮೇಲೆ ಬಿಗಿಯಬೇಕು. ಕೆಳಗೆ ಜಾಗ ಸಾಲದ ಕಾರಣ ಮಿಸ್ತ್ರಿ ಒಪ್ಪಲಿಲ್ಲ. ಕೊನೆಗೆ ಕಾಟಾದ ಎತ್ತರಕ್ಕೆ ಜೋಡಿಸಿದ್ದ ಅದೇ ಹಲಗೆಗಳ ಮೇಲೆ ಮತ್ತೆ ಕಾರು ಹತ್ತಿಸಿದೆವು. ಶಾಕ್ ಅಬ್ಸಾರ್ಬರನ್ನೂ ಬದಲಿಸಬೇಕಾಯಿತು. ಬೇಕಾದ ತಡೆಯ ಪ್ರಮಾಣ ಗಡಸುತನ ಮತ್ತು ತೂಕಗಳ ಗುಣಲಬ್ಧದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, ಡೀಸೆಲ್ ಕಾಲದ ಶಾಕ್ ಅಬ್ಸಾರ್ಬರು ನಮ್ಮ ಹೊಸ ಸ್ಪ್ರಿಂಗಿಗೆ ಸುಮಾರು ನಾಲ್ಕನೆಯ ಒಂದು ಪಾಲು ಹೆಚ್ಚು ಬಿಗಿ. ಆಮೇಲೆ ಅಲೈನ್‌ಮೆಂಟ್, ಎತ್ತರ ಬದಲಾದಾಗ ಕ್ಯಾಂಬರ್ (ಚಕ್ರದ ವಾಲು), ಟೋ (ಚಕ್ರಗಳ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಬದಲಾಗುತ್ತವೆ. ಹೆಡ್‌ಲೈಟಿನ ದಿಕ್ಕನ್ನೂ ತಿದ್ದಿಸಿದೆ.

ಅಂಬಾಸಡರ್ ಇರುವ ಗೆಳೆಯರು ಈ ಲೆಕ್ಕವನ್ನು ಕೇಳಿ ನಗುತ್ತಾರೆ. ಅವರ ಕಾರಿನ ಮುಂದೆ ಕಾಯಿಲ್ ಸ್ಪ್ರಿಂಗಿನ ಬದಲು ಉದ್ದಕ್ಕೆ ಮಲಗಿದ ಟಾರ್ಷನ್ ಬಾರ್ ಇದೆ. ಅದರ ಹಲ್ಲುಗಳನ್ನು ಸರಿಸಿ ಕೂರಿಸಿದರೆ ಎತ್ತರ ಬದಲಾಗುತ್ತದೆ. ಎತ್ತರ ಬದಲಾಗುತ್ತದೆ, ನಿಜ; ಗಡಸುತನ ಬದಲಾಗುವುದಿಲ್ಲ. ಭಾರದ ಎಂಜಿನ್ ಹಾಕಿ ಬಾರನ್ನು ತಿರುಗಿಸಿದವರ ಕಾರು ನೇರವಾಗಿ ನಿಲ್ಲುತ್ತದೆ, ಲಯ ಮಾತ್ರ ನಿಧಾನವಾಗಿರುತ್ತದೆ. ಪ್ರೀಮಿಯರ್ ಪದ್ಮಿನಿಯವರಿಗಾದರೆ ಮುಂದೆ ಕಾಯಿಲ್, ಹಿಂದೆ ಪಟ್ಟಿ ಸ್ಪ್ರಿಂಗ್. ಮೇಲಿನ ಅಳತೆಗಳೆಲ್ಲ ಅವರಿಗೂ ಅನ್ವಯಿಸುತ್ತವೆ, ಅಂಕಿಗಳು ಅವರವರ ಕಾರಿನವೇ ಆಗಬೇಕು. ನನ್ನ 14 ಮಿ.ಮೀ., ಏಳು ಸುತ್ತನ್ನು ಯಾರೂ ಇನ್ನೊಂದು ಕಾಂಟೆಸ್ಸಾಕ್ಕೂ ಹಾಗೆಯೇ ಎತ್ತಿಕೊಳ್ಳಬಾರದು.

ಕೂರಿಸಿದ ದಿನ ಎತ್ತರ 376 ಇತ್ತು. ದೇವಿಮನೆ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಹೋಗಿಬರುವುದನ್ನೇ ಎರಡು ಸಲ ಮಾಡಿ, ಊರೊಳಗಿನ ಓಡಾಟವೂ ಸೇರಿ 600 ಕಿ.ಮೀ. ಆದ ಮೇಲೆ ಟೇಪು ಹಿಡಿದರೆ ಎಡಕ್ಕೆ 371, ಬಲಕ್ಕೆ 372. ಗಂಗಾವಳಿ ಸೇತುವೆಯ ಮೇಲೆ ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. “ಎಂತದು, ಲೆಕ್ಕ ಮಾಡಿದ್ರೆ ಸ್ಪ್ರಿಂಗ್ ಮೆತ್ತಗಾಗ್ತದಾ?” ಎಂದು ಐದು ತಿಂಗಳ ಹಿಂದೆ ಕೇಳಿದ್ದ ಮಿಸ್ತ್ರಿ, ಮೊನ್ನೆ ಮುಂದಿನ ಮಡ್‌ಗಾರ್ಡನ್ನು ಎರಡು ಸಲ ಒತ್ತಿ ನೋಡಿ, ಯಾರದೋ ಪದ್ಮಿನಿಗೆ ಬೇಕು, ಕಾಟಾ ಎಲ್ಲಿಂದ ತಂದದ್ದು ಎಂದು ವಿಚಾರಿಸಿದರು.